ಮದ್ಯಕ್ಕೆ ಮಹಾಪ್ರಾಣವಿಲ್ಲ

ನಡೆಯುತ್ತ ನಡೆಯುತ್ತ ಇದ್ದಕ್ಕಿದ್ದಂತೆ ನಿಂತುಬಿಡುವುದು ಮೇಷ್ಟ್ರ ಹುಟ್ಟುಗುಣ. ಅವರ ಹಿಂದೆ ಬರುವವರು ನಾಲ್ಕು ಹೆಜ್ಜೆ ಅಂತರ ಇಟ್ಟುಕೊಳ್ಳುವುದು ಕ್ಷೇಮ. ಇದನ್ನರಿಯದ ಕಾಲದಲ್ಲಿ ನಾನು ಎರಡು ಸಲ ಅವರ ಬೆನ್ನಿಗೆ ಮೂಗು ಜಜ್ಜಿಕೊಂಡಿದ್ದೇನೆ. ಕುತ್ತಿಗೆಯನ್ನು ಕೊಕ್ಕರೆಯಂತೆ ಚಾಚಿ, ದೇಹ ಹಿಂದುಳಿದರೂ ಚಿಂತೆಯಿಲ್ಲ ಕಣ್ಣು ಮೊದಲು ತಲುಪಲಿ ಎಂಬಂಥ ಆತುರದಲ್ಲಿ ಸಾಗುತ್ತಿರುವ ಮನುಷ್ಯ, ಯಾವುದಾದರೊಂದು ಅಂಗಡಿಯ ಫಲಕದೆದುರು ಗಕ್ಕನೆ ನಿಂತು, ಎದೆಯ ಜೇಬಿನಿಂದ ಕೆಂಪು ಪೆನ್ಸಿಲು ಸೆಳೆದು, "ನೋಡು, ಕೊಡೆ ದುರಸ್ತಿ ಮಾಡ್ತೀನಿ ಅಂತ ಬರೆಯೋಕೆ ಹೋಗಿ ದುರಸ್ತಿಯನ್ನೇ ಕೆಡಿಸಿಟ್ಟಿದ್ದಾನೆ" ಎಂದು ಸಂಕಟಪಡುತ್ತಾರೆ. ಆ ಸಂಕಟ ನಟನೆಯಲ್ಲ. ಎಳೆಯ ಮಗು ಮೆಟ್ಟಿಲಿನ ಅಂಚಿಗೆ ಬಂದದ್ದನ್ನು ಕಂಡವರ ಕೈ ಹೇಗೆ ತಾನಾಗಿ ಮುಂದಕ್ಕೆ ಹೋಗುತ್ತದೋ, ಅಕ್ಷರ ತಪ್ಪಿದ ಪದವನ್ನು ಕಂಡರೆ ಅವರ ಕೈ ಹಾಗೆ ಹೋಗುತ್ತದೆ.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಮ್ಮ ಪತ್ರಿಕೆಯ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಕರಡು ತಿದ್ದುವವರು; ವರದಿಗಾರರಿಂದ ಹಿಡಿದು ಸಂಪಾದಕರವರೆಗೆ ಸಕಲರ ಕಿವಿಯನ್ನೂ ಕಾಗದದ ಮೇಲೆಯೇ ಹಿಂಡುತ್ತ ಬಂದದ್ದರಿಂದ ದಕ್ಕಿದ ಬಿರುದು ಅದು. ಕಡುಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟು ಅವರ ಎರಡನೆಯ ಚರ್ಮ. ಎದೆಯ ಜೇಬು ಪೆನ್ಸಿಲಿಗೆ, ಬಲಗಡೆಯದು ಪೆನ್ಸಿಲು ಹೆರೆಯುವ ಬ್ಲೇಡಿಗೆ, ಎಡಗಡೆಯದು ಭೂತಗನ್ನಡಿಗೆ. ಒಳಗಿನ ನಾಲ್ಕನೆಯ ಜೇಬು ಚಪ್ಪಟೆ ಬಾಟಲಿಗೆ. ಆ ಜೇಬಿನ ವಿಷಯ ಕಚೇರಿಗೆಲ್ಲ ಗೊತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಎಂಟು ವರ್ಷ ಕೂತ ನಾನೂ ಎತ್ತಲಿಲ್ಲ.

ಮಾತಿಗೆ ಅವರದೊಂದು ಮುನ್ನುಡಿಯಿತ್ತು: "ಅದು ಹಾಗಲ್ಲ." ಒಪ್ಪುವಾಗಲೂ ಅದೇ. "ಮಳೆ ಬರೋ ಹಾಗಿದೆ ಮೇಷ್ಟ್ರೇ" ಎಂದರೆ, "ಅದು ಹಾಗಲ್ಲ, ಹೌದು, ಬರೋ ಹಾಗೇ ಇದೆ" ಅನ್ನುವರು. ಜಗತ್ತು ಏನೇ ಹೇಳಲಿ, ಮೊದಲು ಅದಕ್ಕೊಂದು ಅಡ್ಡಗೆರೆ ಎಳೆದು ಆಮೇಲೆ ವಿಚಾರಿಸುವ ಅಭ್ಯಾಸ.

ಮನೆಯಲ್ಲಿ ಮಾತ್ರ ಆ ಮಾತಿಗೆ ಅವಕಾಶವೇ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಶಾಲೆಗಳ ಸಮವಸ್ತ್ರ ಹೊಲಿಯುತ್ತಿದ್ದ ಅವರ ಹೆಂಡತಿ, ಮೂರು ವರ್ಷದಿಂದ ಅವರೊಂದಿಗೆ ನೇರವಾಗಿ ಮಾತಾಡಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಜೊತೆಯಲ್ಲಿದ್ದ ತನ್ನ ತಾಯಿಗೆ ಹೇಳುವುದು. ಅರ್ಧ ಕಿವುಡಿಯಾದ ಆ ಮುದುಕಿಗೆ ಕೇಳಿಸಲೆಂದು ಕೂಗಿ ಹೇಳುವುದು. ಹಾಗೆ ಕೂಗಿದ್ದು ಮೇಷ್ಟ್ರಿಗೆ ಕೇಳಿಸಿಯೇ ಕೇಳಿಸುವುದು. "ಅಮ್ಮಾ, ಊಟ ಇಟ್ಟಿದೆ ಅಂತ ಹೇಳು." "ಅತ್ತೆ, ಹಸಿವಿಲ್ಲ ಅಂತ ಹೇಳಿ." ನಡುವೆ ಕೂತ ಮುದುಕಿ ಇಬ್ಬರಿಗೂ ತಲೆಯಾಡಿಸುತ್ತ, ಒಂದನ್ನೂ ಯಾರಿಗೂ ತಲುಪಿಸದೆ, ಆ ಸಂಸಾರವನ್ನು ಮುರಿಯಗೊಡದೆ ಕಾಪಾಡಿಕೊಂಡು ಬಂದಿದ್ದಳು.

ಮೇಷ್ಟ್ರು ಕುಡಿಯುತ್ತಿದ್ದರು, ಆದರೆ ಅವರ ಕರಡಿನಲ್ಲಿ ತಪ್ಪು ನುಸುಳುತ್ತಿರಲಿಲ್ಲ; ಅದೊಂದೇ ಅವರ ಹೆಮ್ಮೆಯ ಆಧಾರಸ್ತಂಭ. "ಅಕ್ಷರ ಎರಡೆರಡಾಗಿ ಕಂಡ ದಿನ ನಿಲ್ಲಿಸಿಬಿಡ್ತೀನಿ" ಎಂದು ಒಮ್ಮೆ ತಾವಾಗಿ ನನ್ನಲ್ಲಿ ಹೇಳಿದ್ದರು. ಆ ದಿನ ಬಂತು, ಅವರು ನಿಲ್ಲಿಸಲಿಲ್ಲ. ಅದರ ಫಲವಾಗಿ ಒಂದು ಬೆಳಗ್ಗೆ ನಮ್ಮ ಪತ್ರಿಕೆಯಲ್ಲಿ ಎರಡು ಪ್ರಕಟಣೆಗಳ ತಲೆಬರಹ ಅದಲುಬದಲಾಗಿ ಅಚ್ಚಾಯಿತು. ಗತಿಸಿದ ವರ್ತಕರೊಬ್ಬರಿಗೆ "ಹಾರ್ದಿಕ ಅಭಿನಂದನೆ" ಸಂದಿತು, ನಿವೃತ್ತಿ ಹೊಂದಿದ ಮುಖ್ಯೋಪಾಧ್ಯಾಯಿನಿಗೆ, ನಗುತ್ತಿರುವ ಭಾವಚಿತ್ರದ ಸಮೇತ, "ಭಾವಪೂರ್ಣ ಶ್ರದ್ಧಾಂಜಲಿ."

ಆ ಮುಖ್ಯೋಪಾಧ್ಯಾಯಿನಿ ಹನ್ನೊಂದು ಗಂಟೆಗೆ ಕೋಲೂರಿಕೊಂಡು ಸ್ವತಃ ಕಚೇರಿಗೆ ಬಂದರು. ಕೂಗಾಡಲಿಲ್ಲ. ಇದನ್ನು ತಿದ್ದಿದವರು ಯಾರೆಂದು ವಿಚಾರಿಸಿ, ಮೇಷ್ಟ್ರ ಎದುರು ಕುರ್ಚಿ ಎಳೆದುಕೊಂಡು ಕೂತು, "ನಾನಿನ್ನೂ ಇದೀನಿ ಅಂತ ತಿಳಿಸಿ ಹೋಗೋಣ ಅಂತ ಬಂದೆ" ಎಂದರು. ಮೇಷ್ಟ್ರು ತಲೆಯೆತ್ತಲಿಲ್ಲ. ಬೆಳಗಿನ ಹೊತ್ತಿಗೇ ಆ ಮೇಜಿನಿಂದ ಬರುತ್ತಿದ್ದ ವಾಸನೆ ಆಕೆಗೆ ತಾಗಿರಬೇಕು. ಏಳುವಾಗ, ತರಗತಿಯಲ್ಲಿ ಹಾಜರಿ ಕರೆಯುವಷ್ಟೇ ಶಾಂತವಾಗಿ ಕೇಳಿದರು: "ನೀವು ಇದೀರಾ?"

ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಮೇಷ್ಟ್ರ ಬಾಯಿಂದ "ಅದು ಹಾಗಲ್ಲ" ಬರಲಿಲ್ಲ.

ಸಂಪಾದಕರು ಅವರನ್ನು ಮುಖಪುಟದಿಂದ ತೆಗೆದು ಸಣ್ಣ ಜಾಹೀರಾತುಗಳ ಮೇಜಿಗೆ ಹಾಕಿದರು. ಮೂರು ತಿಂಗಳು ನೋಡುತ್ತೇನೆ, ಆಮೇಲೆ ಮನೆ, ಎಂದರು. ಕಳೆದುಹೋದ ಬೀಗದ ಕೈ, ಬಾಡಿಗೆಗಿರುವ ಕೋಣೆ, ಮಾರಾಟಕ್ಕಿರುವ ಸೈಕಲ್ಲು. ಮೇಷ್ಟ್ರು ಅವನ್ನೂ ಭೂತಗನ್ನಡಿ ಹಿಡಿದು ತಿದ್ದುತ್ತಿದ್ದರು.

ಅಂಥ ದಿನಗಳಲ್ಲೊಂದು ಸಂಜೆ ಅತ್ತೆಯ ಕಿವಿಯಂತ್ರದ ಬ್ಯಾಟರಿ ಮುಗಿಯಿತು. "ಅಮ್ಮಾ, ತರೋಕೆ ಹೇಳು" ಎಂದು ಕೂಗಿದ್ದಕ್ಕೆ ಮೇಷ್ಟ್ರು ಔಷಧಿ ಅಂಗಡಿಗೆ ಹೋದರು. ಅಂಗಡಿಯ ಗಾಜಿನ ಬಾಗಿಲೆದುರು ಗಕ್ಕನೆ ನಿಂತರು. ರಟ್ಟಿನ ಮೇಲೆ ಯಾರೋ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದರು: "ಮಧ್ಯಪಾನ ಬಿಡಲು ಇಚ್ಚಿಸುವವರ ಸಭೆ. ಪ್ರತಿ ಬುದವಾರ ಸಂಜೆ ಐದೂವರೆ. ವಾಚನಾಲಯದ ಮೇಲೆ."

ಮೇಷ್ಟ್ರ ಕಣ್ಣಿಗೆ ಸಭೆ ಕಾಣಲಿಲ್ಲ, ಅನ್ಯಾಯ ಕಂಡಿತು. ನ್ಯಾಯವಾಗಿ ಬುಧವಾರಕ್ಕೆ ಸಲ್ಲಬೇಕಾದ ಮಹಾಪ್ರಾಣವನ್ನು ಕಿತ್ತು ಯೋಗ್ಯತೆಯಿಲ್ಲದ ಮದ್ಯಕ್ಕೆ ಕೊಟ್ಟಿದ್ದಾರೆ. ಇಚ್ಛೆಯಲ್ಲಿ ಉಸಿರೇ ಇಲ್ಲ. ಮಧ್ಯಪಾನ ಎಂದರೇನು, ನಟ್ಟನಡುವನ್ನು ಕುಡಿಯುವುದೇ? ಪೆನ್ಸಿಲು ತೆಗೆದು ಗಾಜಿನ ಮೇಲೆ ಗೀಚತೊಡಗಿದಾಗ ಒಳಗಿನಿಂದ ಔಷಧಿ ಕೊಡುವಾಕೆ ಎದ್ದು ಬಂದಳು.

"ಸರ್, ಅದು ನಮ್ಮದಲ್ಲ. ಅವರು ಅಂಟಿಸಿ ಹೋಗಿದ್ದು. ತಿದ್ದಬೇಕು ಅಂದ್ರೆ ಅಲ್ಲಿಗೇ ಹೋಗಿ ಹೇಳಿ."

"ಹೇಳ್ತೀನಿ" ಎಂದರು ಮೇಷ್ಟ್ರು. ಅವರ ಬಾಳು ತಿರುಗಿದ್ದು ಆ ಒಂದು ಮಾತಿನ ಛಲದಲ್ಲಿ.

ಆದರೆ ಯಾವ ವಾಚನಾಲಯ? ಊರಿನಲ್ಲಿ ಮೂರು ಇದ್ದವು. ಮೊದಲ ಬುಧವಾರ ಪುರಸಭೆಯ ವಾಚನಾಲಯಕ್ಕೆ ಹೋದರು. "ಮೇಲೆ ಏನಿದೆ?" ಎಂದದ್ದಕ್ಕೆ ಅಲ್ಲಿಯ ಪುಸ್ತಕಪಾಲಕ ಆಕಾಶದ ಕಡೆ ನೋಡಿ, "ಮೇಲೆ ನೀರಿನ ಟ್ಯಾಂಕ್ ಇದೆ ಸರ್, ಸಭೆ ಸೇರಿದ್ರೆ ಒದ್ದೆಯಾಗ್ತೀರಿ" ಎಂದ. ಎರಡನೆಯ ಬುಧವಾರ ಕಾರ್ಮಿಕರ ಸಂಘದ ವಾಚನಾಲಯ. ಅದರ ಮಹಡಿಯಲ್ಲಿ ಬಾಗಿಲು ತಳ್ಳಿದರೆ ಹದಿನೈದು ಹೆಣ್ಣುಮಕ್ಕಳು ಒಂದು ಕಾಲೆತ್ತಿ ನಿಂತು ನೃತ್ಯ ಕಲಿಯುತ್ತಿದ್ದರು. ನೃತ್ಯದ ಗುರುಗಳು ಸಿಡಿಮಿಡಿಗೊಂಡು ಯಾರು ಬೇಕೆಂದು ಕೇಳಿದರು. "ಕುಡುಕರು" ಎಂದರು ಮೇಷ್ಟ್ರು, ಅವಸರದಲ್ಲಿ.

ಆ ಎರಡು ವಾರ ಅವರನ್ನು ನೋಡಬೇಕಿತ್ತು. ಬೇಟೆಯ ವಾಸನೆ ಹಿಡಿದವರಂತೆ ಕಣ್ಣು ಹೊಳೆಯುತ್ತಿತ್ತು. ಜಾಹೀರಾತಿನ ಮೇಜಿನ ಹಿಂದೆ ಊರಿನ ನಕ್ಷೆ ಹರಡಿಕೊಂಡು ನನ್ನನ್ನು ಕರೆದು, "ಮೂರನೇದು ಬಸ್ ಡಿಪೋ ಹಿಂದೆ ಇದೆಯಂತೆ. ಈ ಸಲ ಬಿಡಲ್ಲ. ಮೂರು ಪದಕ್ಕೆ ಮೂರು ತಪ್ಪು, ಸುಮ್ಮನೆ ಬಿಡೋದಾ" ಅನ್ನುವರು. ಹುಡುಕಾಟದ ಆ ಎರಡೂ ಸಂಜೆ, ಒಳಜೇಬಿಗೆ ಕೈ ಹೋಗುವ ಹೊತ್ತು ಮೀರಿದ್ದನ್ನು ತಾವು ಗಮನಿಸಲೇ ಇಲ್ಲವೆಂದು ಮುಂದೊಂದು ದಿನ ಆಶ್ಚರ್ಯದಿಂದ ಹೇಳಿದರು.

ಮೂರನೆಯ ಬುಧವಾರ ಡಿಪೋ ಹಿಂದಿನ ಹಳೆಯ ವಾಚನಾಲಯದ ನಲವತ್ತೊಂದು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಬಾಗಿಲು ತಳ್ಳಿದರು. ಬಣ್ಣ ಮಾಸಿದ ಕೋಣೆ, ವೃತ್ತಾಕಾರವಾಗಿ ಇಟ್ಟ, ಒಂದಕ್ಕೊಂದು ಸೇರದ ಹದಿಮೂರು ಕುರ್ಚಿ, ಹನ್ನೆರಡರಲ್ಲಿ ಜನ. ಮೂಲೆಯ ಮೇಜಿನ ಮೇಲೆ ಟೀ ಫ್ಲಾಸ್ಕು. ಎಲ್ಲರೂ ತಿರುಗಿ ನೋಡಿದರು. ಮೇಷ್ಟ್ರು ಕೋಟಿನ ಗುಂಡಿ ಸರಿಪಡಿಸಿಕೊಂಡು, ಇಪ್ಪತ್ತು ದಿನದಿಂದ ಕಟ್ಟಿಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ಒಂದು ವಾಕ್ಯಕ್ಕೆ ಇಳಿಸಿದರು:

"ಅದು ಹಾಗಲ್ಲ. ಮದ್ಯಕ್ಕೆ ಮಹಾಪ್ರಾಣವಿಲ್ಲ."

ಗುಂಪನ್ನು ನಡೆಸುತ್ತಿದ್ದವನು ಲಿಫ್ಟ್ ರಿಪೇರಿ ಮಾಡುವ ದಪ್ಪ ಮೀಸೆಯ ಮನುಷ್ಯ. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು. ಗುಂಪಿನಲ್ಲಿ ಎಲ್ಲರೂ ಅವನನ್ನು ಲಿಫ್ಟಣ್ಣ ಅನ್ನುತ್ತಿದ್ದರು. ಅವನು ಹೇಳಿದ:

"ನಿಜ ಸರ್. ಅದಕ್ಕೆ ಸ್ವಂತ ಪ್ರಾಣ ಇಲ್ಲ. ಇಷ್ಟು ದಿನ ನಮ್ಮದನ್ನೇ ತಗೊಂಡು ಬದುಕಿತ್ತು."

ಹನ್ನೆರಡು ಜನ ಒಟ್ಟಿಗೆ ನಕ್ಕರು. ತಮ್ಮನ್ನು ನೋಡಿ ನಗುತ್ತಿಲ್ಲ, ತಮ್ಮ ಜೊತೆ ನಗುತ್ತಿದ್ದಾರೆ ಎಂಬುದು ಮೇಷ್ಟ್ರಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು.

"ಬೋರ್ಡು ಬರೆದಿದ್ದು ನಾನೇ" ಎಂದ ಲಿಫ್ಟಣ್ಣ. "ನಾಲ್ಕನೇ ಕ್ಲಾಸಿಗೆ ಬಿಟ್ಟವನು. ಕೂತ್ಕೊಳ್ಳಿ ಸರ್. ತಿದ್ದೋಕೆ ಬಂದವರೂ ಕೂತ್ಕೋಬಹುದು."

ಕೂತರು. ಐದು ನಿಮಿಷ ಕೂತು ಹೋಗೋಣವೆಂದು ಕೂತವರು ಒಂದೂವರೆ ಗಂಟೆ ಕೂತರು. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯಬೇಕೆಂಬುದು ಗುಂಪಿನ ಕಟ್ಟಳೆ. ಉಳಿದವರು ಏನು ಹೇಳಿದರೆಂದು ಮೇಷ್ಟ್ರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಮ್ಮ ಸರದಿ ಬಂದಾಗ, "ನಾನು ಬಂದಿದ್ದು ಬೋರ್ಡಿನ ವಿಷಯಕ್ಕೆ" ಎಂದಷ್ಟೇ ಹೇಳಿದರಂತೆ. ಯಾರೂ ಕೆದಕಲಿಲ್ಲವಂತೆ. "ಹಾಗಾದ್ರೆ ಮುಂದಿನ ವಾರ ಬಂದು ಹೊಸ ಬೋರ್ಡು ಬರೆದುಕೊಡಿ" ಎಂದನಂತೆ ಲಿಫ್ಟಣ್ಣ.

ಮರುದಿನ ಅವರು ಕಚೇರಿಗೆ ಬಂದ ರೀತಿಯನ್ನು ನಾನು ಮರೆಯಲಾರೆ. ಗಾಳಿಯಲ್ಲಿ ತೇಲಿಬಂದವರಂತೆ ಬಂದು, ನನ್ನ ಮೇಜಿನ ಮೇಲೆ ಎರಡೂ ಕೈಯೂರಿ, ಗುಟ್ಟೆಂದು ತಾವು ಭಾವಿಸಿದ, ಆದರೆ ಅಚ್ಚಿನ ಮನೆಯವರೆಗೂ ಕೇಳಿಸುವಂಥ ದನಿಯಲ್ಲಿ ಹೇಳಿದರು:

"ಹನ್ನೆರಡು ಜನ ಕಣಯ್ಯ. ಒಂದೂವರೆ ಗಂಟೆ ಮಾತಾಡಿದರು. ಒಬ್ಬರೂ ಒಂದು ಸುಳ್ಳೂ ಹೇಳಲಿಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಪತ್ರಿಕೆಯಲ್ಲಿದೀನಿ, ಇಂಥದ್ದು ನೋಡಿರಲಿಲ್ಲ."

ಹೊಸ ಫಲಕಕ್ಕೆ ಅವರು ಪಟ್ಟ ಶ್ರಮ, ಬೇರೆಯವರು ಮನೆ ಕಟ್ಟಲಿಕ್ಕೂ ಪಡುವುದಿಲ್ಲ. ಏಳು ಕರಡು ಬರೆದರು. "ಇಚ್ಛಿಸುವವರ" ಅನ್ನುವುದು ಗಡಸಾಯಿತು, "ಬಯಸುವವರ" ಎಂದರೆ ಹೇಗೆ, ಎಂದು ಊಟದ ಹೊತ್ತಿನಲ್ಲಿ ನನ್ನ ಪ್ರಾಣ ತಿಂದರು. ಎರಡನೆಯ ವಾರ ಫಲಕ ಒಯ್ದು ಕೊಟ್ಟಾಗ ಅವರ ಕೈ ಅದುರುವುದನ್ನು ಲಿಫ್ಟಣ್ಣ ಕಂಡ. ಅಂದೇ ಮೊದಲ ಸಲ ಮೇಷ್ಟ್ರು ಬೋರ್ಡಿನ ವಿಷಯ ಬಿಟ್ಟು ತಮ್ಮ ವಿಷಯ ಹೇಳಿದರು: ನಾಳೆ ಬೆಳಗ್ಗೆಯಿಂದ ಒಂದು ತೊಟ್ಟೂ ಮುಟ್ಟುವುದಿಲ್ಲ.

"ಹಾಗೆಲ್ಲ ಮಾಡಬೇಡಿ ಮೇಷ್ಟ್ರೇ" ಎಂದ ಲಿಫ್ಟಣ್ಣ. "ಇಷ್ಟು ವರ್ಷ ಕುಡಿದ ಮೈ ಅದು. ದಿಢೀರ್ ಅಂತ ನಿಲ್ಲಿಸಿದ್ರೆ ಜೀವಕ್ಕೇ ಬರುತ್ತೆ. ನಡೀರಿ, ಡಾಕ್ಟರ್ ನೋಡಲಿ ಮೊದಲು." ತಾನೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದ. ಆರು ದಿನ ಅಲ್ಲಿದ್ದರು. ಮನೆಗೆ ಕಚೇರಿಯ ಕೆಲಸದ ಮೇಲೆ ಪರವೂರಿಗೆ ಹೋಗಿದ್ದಾರೆಂದು ಹೇಳಿಸಿದ್ದರು. ಆ ಸುಳ್ಳು ಹೇಳಿದವನು ನಾನೇ. ನೋಡಲು ಹೋದಾಗ ಬೆವರಿ ಬಿಳಿಚಿಕೊಂಡು ಮಲಗಿದ್ದರು, ಆದರೆ ವಾರ್ಡಿನ ಗೋಡೆಯ ಸೂಚನಾಪತ್ರದಲ್ಲಿ ನಾಲ್ಕು ಕಡೆ ಕೆಂಪು ಗುರುತು ಬಿದ್ದಿತ್ತು. ಬದುಕಿಕೊಂಡರು ಎಂದು ನನಗೆ ಖಾತ್ರಿಯಾದದ್ದು ಅದನ್ನು ನೋಡಿ.

ಆಮೇಲಿನ ಬುಧವಾರಗಳು ಅವರಿಗೆ ಮದುವೆಯ ದಿನಗಳಿದ್ದ ಹಾಗೆ. ಮಧ್ಯಾಹ್ನವೇ ಮುಖ ತೊಳೆದು, ತಲೆ ಬಾಚಿ, ಗಳಿಗೆಗೊಮ್ಮೆ ಗಡಿಯಾರ ನೋಡಿ, ನಾಲ್ಕೂಮುಕ್ಕಾಲಿಗೆ ಹೊರಟೇಬಿಡುವರು. ದಾರಿಯ ಯಾವ ಫಲಕಕ್ಕೂ ಆ ಒಂದು ದಿನ ನಿಲ್ಲುತ್ತಿರಲಿಲ್ಲ. ಕುರ್ಚಿ ಹಾಕುವುದು, ಫ್ಲಾಸ್ಕು ತುಂಬಿಸುವುದು, ಹೊಸದಾಗಿ ಬಂದವರು ಮೆಟ್ಟಿಲ ಬುಡದಲ್ಲಿ ನಿಂತು ಹತ್ತಲೋ ಬೇಡವೋ ಎಂದು ತೂಗುತ್ತಿದ್ದರೆ ಕೆಳಗಿಳಿದು ಕರೆತರುವುದು ಅವರ ಪಾಲಿಗೆ ಬಂತು. "ನಲವತ್ತೊಂದೇ ಮೆಟ್ಟಿಲು. ಇಪ್ಪತ್ತು ದಾಟಿದ ಮೇಲೆ ಇಳಿಯೋದಕ್ಕಿಂತ ಹತ್ತೋದೇ ಹತ್ತಿರ" ಎಂದು ಹುರಿದುಂಬಿಸುವರು.

ನಲವತ್ತೇಳನೆಯ ದಿನ ತಪ್ಪಿದರು. ಕಚೇರಿಯಲ್ಲಿ ಹಿರಿಯ ವರದಿಗಾರರೊಬ್ಬರ ಬೀಳ್ಕೊಡುಗೆ, ಮಧ್ಯಾಹ್ನದ ಊಟ, ಯಾರೋ ತಮಾಷೆಗೆ ಲೋಟ ಮುಂದೆ ಹಿಡಿದರು, ಮೇಷ್ಟ್ರು ಒಂದು ಕ್ಷಣ ನೋಡಿ, ತೆಗೆದುಕೊಂಡು ಕುಡಿದುಬಿಟ್ಟರು. ನಾನು ಎರಡು ಕುರ್ಚಿ ಆಚೆಗಿದ್ದೆ. ಏಳಬೇಕಿತ್ತು, ಏಳಲಿಲ್ಲ. ಮರುದಿನ ಬುಧವಾರ. ಹೋಗುವುದಿಲ್ಲ ಎಂದರು, ಇನ್ನೆಂದೂ ಹೋಗುವುದಿಲ್ಲ, ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದರು. ಐದು ಗಂಟೆಯವರೆಗೂ ಮೇಜಿನ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತಿದ್ದವರು, ಐದೂ ಹತ್ತಕ್ಕೆ ಯಾರೋ ಕೂಗಿದಂತೆ ಎದ್ದು ಓಡಿದರು. ಓಡಿದರು ಎಂಬ ಪದವನ್ನು ಯೋಚಿಸಿಯೇ ಬರೆದಿದ್ದೇನೆ. ಬಾಗಿಲಲ್ಲೇ ನಿಂತು, "ನಿನ್ನೆ ಕುಡಿದೆ" ಎಂದರಂತೆ.

ಡಿಪೋದಲ್ಲಿ ಟಿಕೆಟ್ ಕೊಡುವ ಹೆಂಗಸೊಬ್ಬಳು, ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲ ತೆಗೆದು, "ಇವತ್ತು ಬಂದ್ರಲ್ಲ" ಎಂದಳಂತೆ. ಅಷ್ಟೇ.

ಒಂದು ಚುಕ್ಕಿ ತಪ್ಪಿದ್ದಕ್ಕೆ ವರದಿಗಾರರನ್ನು ಅಳಿಸಿದ್ದ ಮನುಷ್ಯನಿಗೆ ಈ ಎರಡು ಪದಗಳನ್ನು ಅರಗಿಸಿಕೊಳ್ಳಲು ವಾರವೇ ಬೇಕಾಯಿತು. "ಬೈಲಿಲ್ಲ ಕಣಯ್ಯ" ಎಂದು ನನಗೆ ಹತ್ತು ಸಲ ಹೇಳಿದರು. "ಪರವಾಗಿಲ್ಲ ಅಂತಾನೂ ಅನ್ನಲಿಲ್ಲ. ಬಂದ್ರಲ್ಲ ಅಂದಳು." ಇದನ್ನೆಲ್ಲ ಬರೆಯಲೇ ಎಂದು ಆಮೇಲೊಮ್ಮೆ ನಾನು ಅವರ ಒಪ್ಪಿಗೆ ಕೇಳಿದಾಗ ಬೇಡವೆನ್ನಲಿಲ್ಲ; ಆ ಹೆಂಗಸಿನ ಮಾತು ಒಂದಕ್ಷರವೂ ಬದಲಾಗಕೂಡದು ಎಂದು ಷರತ್ತು ಹಾಕಿ, ಅವಳ ಒಪ್ಪಿಗೆಯನ್ನೂ ತಂದುಕೊಟ್ಟು, ನನ್ನ ಹಸ್ತಪ್ರತಿಯಿಂದ ಹನ್ನೊಂದು ಅಲ್ಪವಿರಾಮಗಳನ್ನು ಕಿತ್ತುಹಾಕಿದರು.

ಇಷ್ಟೆಲ್ಲ ನಡೆದರೂ ಮನೆಯಲ್ಲಿ ಅವರು ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲೋ, ಬೇರೆಯೇ ಲೆಕ್ಕಾಚಾರ ನಡೆದಿತ್ತು. ಗಂಡ ಬುಧವಾರ ಬುಧವಾರ ನುಣ್ಣಗೆ ಗಡ್ಡ ಬೋಳಿಸುತ್ತಾನೆ. ಇಸ್ತ್ರಿ ಮಾಡಿದ ಅಂಗಿ ಹುಡುಕುತ್ತಾನೆ. ಬರುವಾಗ ಏನೋ ಗುನುಗುತ್ತ ಬರುತ್ತಾನೆ. ಬಾಯಿಂದ ವಾಸನೆಯೂ ಬರುತ್ತಿಲ್ಲ. ಇದಕ್ಕೆ ಯಾವ ಹೆಂಡತಿಯಾದರೂ ಏನು ಅರ್ಥ ಕಟ್ಟಬೇಕು? ತಪ್ಪಿದ ಆ ದಿನ ಕಳೆದು ಐದನೆಯ ಬುಧವಾರ, ಆಕೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ತಾಯಿಯ ಕಿವಿಗೆ ಯಂತ್ರ ಸಿಕ್ಕಿಸಿ, "ಏಳಮ್ಮಾ, ಯಾರವಳು ಅಂತ ನೋಡೇಬಿಡೋಣ" ಎಂದು ಹೊರಟಳು. ಕಚೇರಿಯ ಬಾಗಿಲಿನಿಂದಲೇ ಮೇಷ್ಟ್ರ ಹಿಂದೆ ಐವತ್ತು ಹೆಜ್ಜೆ ಅಂತರದಲ್ಲಿ ಇಬ್ಬರೂ ಡಿಪೋ ದಾಟಿದರು; ಮೆಟ್ಟಿಲ ಬುಡ ಮುಟ್ಟಿದರು; ಮುದುಕಿಯನ್ನು ಹತ್ತು ಮೆಟ್ಟಿಲಿಗೊಮ್ಮೆ ಕೂರಿಸುತ್ತ ಮೇಲೇರಿದರು. ಅರೆತೆರೆದ ಬಾಗಿಲ ಹಿಂದೆ ಆಕೆಗೆ ಮೊದಲು ಕಂಡದ್ದು ಟಿಕೆಟ್ ಹೆಂಗಸು. ಮೊದಲು ಕೇಳಿಸಿದ್ದು ಗಂಡನ ದನಿ.

"ನನ್ನ ಹೆಂಡತಿ ಮೂರು ವರ್ಷದಿಂದ ನನ್ನ ಹತ್ತಿರ ಮಾತಾಡಿಲ್ಲ" ಎನ್ನುತ್ತಿದ್ದರು ಮೇಷ್ಟ್ರು. ಆಮೇಲೆ ತಡೆದು, "ಅದು ಹಾಗಲ್ಲ. ಅದಕ್ಕೆ ಮುಂಚೆ ಹತ್ತು ವರ್ಷ ಮಾತಾಡಿದಳು. ನಾನು ಕೇಳಿಸ್ಕೊಳ್ಳಲಿಲ್ಲ. ಅದಕ್ಕೇ ನಿಲ್ಲಿಸಿದಳು."

ಬಾಗಿಲು ಕಿರುಗುಟ್ಟಿತು. ಎಲ್ಲರೂ ತಿರುಗಿದರು. ಲಿಫ್ಟಣ್ಣ ಉಳಿದವರ ಮುಖ ನೋಡಿದ. ಅವರು ತಲೆಯಾಡಿಸಿದ ಮೇಲೆ ಎದ್ದು ಎರಡು ಕುರ್ಚಿ ತಂದು ಹಾಕಿದ. ಹೆಂಡತಿ ಕೂರಲಿಲ್ಲ. ಮುಖ ಕೆಂಪಾಗಿತ್ತು. ರೂಢಿಯಂತೆ ತಾಯಿಯ ಕಡೆ ತಿರುಗಿ, "ಅಮ್ಮಾ, ಅವರಿಗೆ ಹೇಳು" ಎಂದು ಆರಂಭಿಸಿದಳು.

ಮುದುಕಿ ಕುರ್ಚಿಯಲ್ಲಿ ಕುಸಿದು ಎದೆ ನೀವಿಕೊಳ್ಳುತ್ತಿದ್ದಳು. "ನೀನೇ ಹೇಳೇ" ಎಂದಳು. "ಇಷ್ಟು ಮೆಟ್ಟಿಲು ಹತ್ತಿಸಿದೀಯ, ನನಗೆ ಉಸಿರಿಲ್ಲ."

ಕೋಣೆಯಲ್ಲಿ ಹದಿನಾಲ್ಕು ಜನ ಕಾದರು. ಹೆಂಡತಿ ನಿಧಾನಕ್ಕೆ ಗಂಡನ ಕಡೆ ತಿರುಗಿದಳು.

"ಹೋದ ಬುಧವಾರಾನೂ ಇಲ್ಲಿಗೇ ಬಂದಿದ್ರಾ?"

"ಹೂಂ."

"ಅದರ ಹಿಂದಿನದು?"

"ಇಲ್ಲಿಗೇ."

"ಒಂದು ಮಾತು ಹೇಳಬಾರದಿತ್ತಾ ರೀ?"

"ಹೇಳಿ, ಆಮೇಲೆ ತಪ್ಪಿದ್ರೆ?" ಎಂದರು ಮೇಷ್ಟ್ರು, ನೆಲ ನೋಡುತ್ತ.

"ನೀವು ತಪ್ಪೋದು ನನಗೇನು ಹೊಸದಾ?" ಎಂದಳು ಆಕೆ. "ಹೇಳೋದು ಹೊಸದು. ಅದನ್ನ ಮಾಡಿ."

ಅಂದು ಮನೆಗೆ ಮೂವರೂ ಒಟ್ಟಿಗೆ ನಡೆದು ಹೋದರು; ಮುದುಕಿಯನ್ನು ನಡುವೆ ಬಿಟ್ಟುಕೊಳ್ಳದೆ, ಆಕೆಯ ಒಂದೇ ಪಕ್ಕಕ್ಕೆ ಇಬ್ಬರೂ. ದಾರಿಯುದ್ದಕ್ಕೂ ಮಗಳು ಬೈಯುತ್ತಲೇ ಬಂದಳೆಂದೂ, ಅಳಿಯ ಬೈಸಿಕೊಂಡ ಖುಷಿಗೆ ಹೆಜ್ಜೆ ತಪ್ಪಿಸಿ ನಡೆಯುತ್ತಿದ್ದರೆಂದೂ, ಇಷ್ಟು ಗಲಾಟೆ ಕೇಳಲಾಗದೆ ತಾನು ಕಿವಿಯಂತ್ರ ಕಿತ್ತು ಸೆರಗಿಗೆ ಕಟ್ಟಿಕೊಂಡೆನೆಂದೂ ಮುದುಕಿಯೇ ನನಗೆ ಹೇಳಿದ್ದಾಳೆ.

ಸಂಪಾದಕರು ಮೂರು ತಿಂಗಳ ಬದಲು ಐದು ತಿಂಗಳು ಕಾದು ಮುಖಪುಟವನ್ನು ಹಿಂದಕ್ಕೆ ಕೊಟ್ಟರು. ಮೊದಲ ದಿನವೇ ಅವರದೇ ಸಂಪಾದಕೀಯದಲ್ಲಿ ಒಂಬತ್ತು ತಪ್ಪು ಹೊರಬಿದ್ದವು. ಮೇಷ್ಟ್ರು ಒಳಗೆ ಹೋಗಿ ತೋರಿಸಿದರು; ತೋರಿಸಿ, ಹಿಂದೆಂದೂ ಮಾಡದ ಒಂದು ಕೆಲಸ ಮಾಡಿದರು. "ಬರೆದಿರೋದು ಚೆನ್ನಾಗಿದೆ" ಎಂದು ಹೇಳಿ ಹೊರಗೆ ಬಂದರು. ಸಂಪಾದಕರು ಆ ದಿನವೆಲ್ಲ ಗಾಬರಿಯಲ್ಲಿದ್ದರು.

ಇಂಥ ಜನ ಎಲ್ಲ ಕಾಲದಲ್ಲೂ ನಮ್ಮ ನಡುವೆ ಇರುತ್ತಾರೆ. ತಮಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಲು ಹುಟ್ಟಿನಿಂದಲೇ ಬಾರದವರು. ನೀರು ಬೇಕಿದ್ದರೆ ಲೋಟ ಸರಿಯಾಗಿ ತೊಳೆದಿಲ್ಲ ಎನ್ನುತ್ತಾರೆ. ಸಂಗಾತ ಬೇಕಿದ್ದರೆ ಜಗಳ ತೆಗೆಯುತ್ತಾರೆ. ಮುಳುಗುತ್ತಿರುವಾಗಲೂ ದಡದಲ್ಲಿ ನಿಂತವರ ನಿಲುವು ಸರಿಯಿಲ್ಲವೆಂದು ತಕರಾರು ಹೇಳುತ್ತಾರೆ. ನಾವು ಆ ತಕರಾರಿಗೆ ಉತ್ತರ ಹುಡುಕುತ್ತೇವೆ, ಇಲ್ಲವೇ ಮುನಿಸಿಕೊಂಡು ಮುಖ ತಿರುಗಿಸುತ್ತೇವೆ. ಎರಡರಲ್ಲೂ ಅವರನ್ನು ಕಳೆದುಕೊಳ್ಳುತ್ತೇವೆ. ಎಂಟು ವರ್ಷ ಪಕ್ಕದಲ್ಲೇ ಕೂತು ನಾನು ಕಳೆದುಕೊಂಡದ್ದೂ ಹಾಗೆಯೇ. ಮನುಷ್ಯ ಏನು ಹೇಳಲು ಬಂದ ಎಂಬುದನ್ನು ಬದಿಗಿಟ್ಟು, ಬಂದನಲ್ಲ ಎಂಬುದನ್ನೇ ಮೊದಲು ಕಾಣಬಲ್ಲ ಒಂದು ಜೊತೆ ಕಣ್ಣು ಸಿಕ್ಕಿದರೆ ಸಾಕು, ಇವರು ಬದುಕಿಕೊಳ್ಳುತ್ತಾರೆ. ಮತ್ತು ಬದುಕಿಕೊಂಡ ಮೇಲೆ, ಕೇಳಲು ಬಾರದ ಇನ್ನೊಬ್ಬರನ್ನು ಎಷ್ಟು ದೂರದಿಂದಲಾದರೂ ಗುರುತಿಸುತ್ತಾರೆ.